ಮರಳಿ ಕಟ್ಟಲಾಗದ್ದು

ನೆದರ್‌ಲೆಂಡ್ಸ್‌ನ ಮೊದಲ ರೈಲನ್ನು 1839ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಹಾರ್ಲೆಮಿಗೆ ಎಳೆದೊಯ್ದ ಎಂಜಿನ್‌ಗಳಲ್ಲೊಂದು ‘ಡಿ ಆರೆಂಡ್’. ಇಪ್ಪತ್ತು ವರ್ಷ ತುಂಬುವ ಮೊದಲೇ, 1857ರಲ್ಲಿ, ಅದು ಗುಜರಿಗೆ ಹೋಯಿತು. ದುಡಿದು ಸವೆದ ಯಂತ್ರಕ್ಕೆ ಬೇರೆ ಗತಿಯಿದೆಯೆಂದು ಆ ಕಾಲಕ್ಕೆ ತೋಚಲಿಲ್ಲ. ಶತಮಾನೋತ್ಸವ ಸಮೀಪಿಸಿದಾಗ ಮಾತ್ರ ಅದು ಮತ್ತೆ ಬೇಕಾಯಿತು. ಅದರಂತೆಯೇ ಇನ್ನೊಂದನ್ನು ಕಟ್ಟಿಸಿದರು. ಇಂದು ಉಟ್ರೆಕ್ಟ್ ನಗರದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಜನ ನೋಡುವುದು ಆ ಪ್ರತಿಕೃತಿಯನ್ನೇ.

ಬಳಸುವ ಕಣ್ಣಿಗೆ ವಸ್ತುವಿನ ಕೆಲಸ ಕಾಣುತ್ತದೆ, ವಸ್ತು ಕಾಣುವುದಿಲ್ಲ. ಕೆಲಸ ನಿಂತ ಮೇಲಷ್ಟೇ ಅದಕ್ಕೆ ಆಕಾರ, ಬಣ್ಣ, ಬೆಲೆ. ಮ್ಯೂಸಿಯಮ್ಮಿಗೆ ಮನೆಯಾದ ಮಾಲೀಬಾನ್ ನಿಲ್ದಾಣಕ್ಕೂ ಹಾಗೆಯೇ ಆಯಿತು. 1874ರಲ್ಲಿ ತೆರೆದು, 1939ರಲ್ಲಿ ದಿನನಿತ್ಯದ ಪ್ರಯಾಣಿಕರಿಗೆ ಮುಚ್ಚಿದ ಆ ಕಟ್ಟಡ 1954ರಲ್ಲಿ ಮ್ಯೂಸಿಯಮ್ಮಾಯಿತು. ಈ ಶತಮಾನದ ಆರಂಭದಲ್ಲಿ ಜೀರ್ಣೋದ್ಧಾರಗೊಂಡು ಹತ್ತೊಂಬತ್ತನೆಯ ಶತಮಾನದ ಚೆಲುವನ್ನು ಮರಳಿ ಪಡೆಯಿತು.

ಆದರೆ ಮುಚ್ಚಿದ ವರ್ಷಕ್ಕೂ ಮ್ಯೂಸಿಯಮ್ಮಾದ ವರ್ಷಕ್ಕೂ ನಡುವೆ ಒಂದು ಯುದ್ಧವಿದೆ. ನಾಜಿಗಳ ಆಳ್ವಿಕೆಯಲ್ಲಿ ಉಟ್ರೆಕ್ಟಿನ ಯಹೂದಿಗಳನ್ನು ಇಲ್ಲಿಂದಲೇ ರೈಲು ಹತ್ತಿಸಿದರು. ಅವರು ಹೋದದ್ದು ವೆಸ್ಟರ್‌ಬೋರ್ಕ್ ಶಿಬಿರದ ಕಡೆಗೆ, ಅಲ್ಲಿಂದ ಪೂರ್ವದ ಸಾವಿನ ಶಿಬಿರಗಳಿಗೆ. ಕಟ್ಟಡವನ್ನು 1874ರ ಅಂದಕ್ಕೆ ತಿರುಗಿಸುವಾಗ ಆ ವರ್ಷಗಳನ್ನು ಎಲ್ಲಿಡುವುದು? ಜೀರ್ಣೋದ್ಧಾರವೆಂಬುದು ಒಂದು ಆಯ್ಕೆ: ಕಟ್ಟಡ ಬಾಳಿದ ಕಾಲದಲ್ಲಿ ಒಂದು ತುಣುಕನ್ನು ಬೆಳಗಿಸುತ್ತೇವೆ, ಮಿಕ್ಕದ್ದನ್ನು ಬಣ್ಣದಡಿ ಮಲಗಿಸುತ್ತೇವೆ. ಇದನ್ನು ತಪ್ಪೆನ್ನಲಾರೆ, ಎಲ್ಲ ಕಾಲವನ್ನೂ ಒಟ್ಟಿಗೆ ಹೊತ್ತು ನಿಲ್ಲಬಲ್ಲ ಗೋಡೆ ಎಲ್ಲಿದೆ? ಆದರೂ ಮನಸ್ಸು ಒಪ್ಪುವುದಿಲ್ಲ.

ಒಡೆದ ಎಂಜಿನ್ನಿನ ಪ್ರತಿಕೃತಿ ನೂರನೆಯ ವರ್ಷಕ್ಕೆ ಸಿದ್ಧವಾಯಿತು. ಕಬ್ಬಿಣಕ್ಕೆ ಅಳತೆಯಿದೆ, ಅಳತೆಯಿದ್ದದ್ದನ್ನು ಮತ್ತೆ ಕಟ್ಟಬಹುದು. ಒಬ್ಬ ಹೆಂಗಸು ಮಗುವನ್ನು ಕರೆಯುತ್ತಿದ್ದ ರೀತಿಗೆ, ಒಬ್ಬ ದರ್ಜಿಯ ಕೈಹದಕ್ಕೆ ಯಾವ ಅಳತೆ? ಅವರಿಗಾಗಿ ಉಳಿದದ್ದು ಹೆಸರೊಂದೇ. ಆ ಹೆಸರುಗಳೂ ಕಾಯಬೇಕಾಯಿತು: ನಿಲ್ದಾಣದ ಬಳಿ 1,200ಕ್ಕೂ ಹೆಚ್ಚು ಹೆಸರುಗಳ ಸ್ಮಾರಕ ನಿಂತದ್ದು 2015ರಲ್ಲಿ, ಯುದ್ಧ ಮುಗಿದು ಎಪ್ಪತ್ತು ವರ್ಷವಾದ ಮೇಲೆ. ನಾವು ಕಳೆದುಕೊಂಡ ಯಂತ್ರವನ್ನು ನೆನೆಯುವಷ್ಟು ಸಲೀಸಾಗಿ ಕಳೆದುಹೋಗಲು ಬಿಟ್ಟ ಮನುಷ್ಯರನ್ನು ನೆನೆಯಲಾರೆವು. ಯಂತ್ರ ನಮ್ಮನ್ನು ಏನೂ ಕೇಳುವುದಿಲ್ಲ.

ನಗರದ ಮುಖ್ಯ ನಿಲ್ದಾಣದಿಂದ ಮಾಲೀಬಾನಿಗೆ ಈಗಲೂ ಮ್ಯೂಸಿಯಮ್ಮಿನ ಪ್ರವಾಸಿಗರನ್ನು ಹೊತ್ತು ರೈಲು ಬರುತ್ತದೆ, ಮಕ್ಕಳು ಕುಣಿಯುತ್ತ ಇಳಿಯುತ್ತಾರೆ. ಅವರ ನಗು ಅಲ್ಲಿ ಸಲ್ಲದ್ದೆಂದು ನನಗೆ ಅನ್ನಿಸದು. ಅಂಥ ನಗುವನ್ನೇ ಅಲ್ಲಿಂದ ಒಯ್ದುಬಿಟ್ಟಿದ್ದರಲ್ಲ. ಅವರಲ್ಲೊಂದು ಮಗು ಸ್ಮಾರಕದ ಮುಂದೆ ನಿಂತು, ಇವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದಾಗ, ಮಾತು ಮರೆಸದೆ ಉತ್ತರ ಹೇಳುವ ದೊಡ್ಡವರೊಬ್ಬರು ಜೊತೆಗಿರಬೇಕು.