ಪ್ರತಿಬಿಂಬವೂ ಪ್ರಾಣವೂ

ಒಂದು ಚಿತ್ರವು ಎಷ್ಟೇ ಸುಂದರವಾಗಿರಲಿ, ಎಷ್ಟೇ ಅಪೂರ್ವವಾಗಿರಲಿ, ಅದನ್ನು ಪಡೆಯುವುದಕ್ಕೋಸ್ಕರ ಒಂದು ಜೀವಕ್ಕೆ ಹಾನಿಯನ್ನುಂಟುಮಾಡಬಹುದೆ? ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳಿದರೆ ‘ಕೂಡದು’ ಎಂದು ಉತ್ತರ ಕೊಡದವರು ವಿರಳ. ಆದರೆ ಧರ್ಮಸಂಕಟಗಳು ಲೋಕದಲ್ಲಿ ತಮ್ಮ ನಿಜವಾದ ಹೆಸರನ್ನು ಹೇಳಿಕೊಂಡು ಬರುವುದಿಲ್ಲ. ವಿದ್ಯೆಯೆಂಬ ಹೆಸರಿನಿಂದಲೋ ಕಲೆಯೆಂಬ ಹೆಸರಿನಿಂದಲೋ ಲೋಕಹಿತವೆಂಬ ಹೆಸರಿನಿಂದಲೋ ಬಂದು, ನಮ್ಮ ಒಪ್ಪಿಗೆಯನ್ನು ಪಡೆದುಕೊಂಡು ಹೋಗುತ್ತವೆ. ಮೊಬೈಲನ್ನು ಹಿಡಿದ ಪ್ರತಿಯೊಬ್ಬನೂ ಛಾಯಾಗ್ರಾಹಕನೇ ಆಗಿರುವ ಈ ಕಾಲದಲ್ಲಿ ಇದನ್ನು ತಜ್ಞರ ವಿಚಾರಕ್ಕೆ ಬಿಟ್ಟು ಗೃಹಸ್ಥರು ಸುಮ್ಮನಿರುವುದು ಯುಕ್ತವಲ್ಲ.

ಈ ವಿಚಾರಕ್ಕೆ ನಿಮಿತ್ತವಾದದ್ದು ಉತ್ತಮವಾದ ಗ್ರಂಥವೇನೂ ಅಲ್ಲ. ಒಂದು ಕೆಟ್ಟ ಚಲಚ್ಚಿತ್ರ. ಇಟಲಿಯ ಸ್ತೆಫಾನೊ ಬೆಸ್ಸೋನಿ ಎಂಬವರು ನಿರ್ದೇಶಿಸಿ 2009ರಲ್ಲಿ ಹೊರಬಂದ ‘ಇಮಾಗೊ ಮೊರ್ತಿಸ್’ ಎಂಬುದು ಅದರ ಹೆಸರು. ‘ಮರಣದ ಬಿಂಬ’ವೆಂದು ಆ ಲ್ಯಾಟಿನ್ ಪದಗಳ ಅರ್ಥ. ಅದರ ಕಥಾವಸ್ತುವು ಹೀಗಿದೆ. ಛಾಯಾಚಿತ್ರವು ಹುಟ್ಟುವುದಕ್ಕೆ ಬಹು ಮುಂಚೆ, ಹದಿನೇಳನೆಯ ಶತಮಾನದಲ್ಲಿ, ಜಿರೋಲಾಮೊ ಫುಮಗಾಲ್ಲಿ ಎಂಬ ಕಲ್ಪಿತ ವಿದ್ವಾಂಸನೊಬ್ಬನಿಗೆ ಬಿಂಬಗಳನ್ನು ಸೆರೆಹಿಡಿಯಬೇಕೆಂಬ ಹುಚ್ಚು ಹಿಡಿಯುತ್ತದೆ. ಮನುಷ್ಯನನ್ನು ಕೊಂದು ಆತನ ಕಣ್ಣುಗುಡ್ಡೆಗಳನ್ನು ಕಿತ್ತರೆ, ಸಾಯುವ ಕ್ಷಣದಲ್ಲಿ ಆತನು ಕಂಡ ಕಡೆಯ ದೃಶ್ಯವನ್ನು ಕಾಗದಕ್ಕೆ ಇಳಿಸಬಹುದೆಂದು ಅವನು ಕಂಡುಹಿಡಿಯುತ್ತಾನೆ. ಅದೇ ಕ್ರೂರಕರ್ಮವು ನಮ್ಮ ಕಾಲದ ಒಂದು ಚಲಚ್ಚಿತ್ರ ವಿದ್ಯಾಶಾಲೆಯಲ್ಲಿ, ಬಿಂಬವಿದ್ಯೆಯನ್ನು ಕಲಿಯುವ ಹುಡುಗ ಹುಡುಗಿಯರ ನಡುವೆ, ಮರಳಿ ತಲೆಯೆತ್ತುತ್ತದೆ.

ಕಥಾವಸ್ತುವನ್ನು ಕೇಳಿದಾಗ, ಇದರಿಂದ ಒಂದು ಗಂಭೀರವಾದ ಕೃತಿಯು ಹುಟ್ಟಬಹುದೆಂಬ ನಿರೀಕ್ಷೆಯು ಸಹಜವಾಗಿಯೇ ಉಂಟಾಗುತ್ತದೆ. ಸಾಮಗ್ರಿಗೂ ಕೊರತೆಯಿಲ್ಲ. ವಿದ್ಯಾಶಾಲೆಗೆ 1922ರ ‘ನೋಸ್ಫೆರಾಟು’ ಎಂಬ ಪ್ರಖ್ಯಾತ ಚಿತ್ರವನ್ನು ನಿರ್ಮಿಸಿದ ಮುರ್ನೌ ಎಂಬ ಜರ್ಮನ್ ನಿರ್ದೇಶಕನ ಹೆಸರನ್ನಿಟ್ಟಿದ್ದಾರೆ. ಚಾರ್ಲಿ ಚಾಪ್ಲಿನ್ನನ ಮಗಳಾದ ಜೆರಾಲ್ಡಿನ್ ಚಾಪ್ಲಿನ್ ಮತ್ತು ಮೊಮ್ಮಗಳಾದ ಊನಾ ಚಾಪ್ಲಿನ್ ಇಬ್ಬರೂ ಅಭಿನಯಿಸಿದ್ದಾರೆ. ಕತ್ತಲೆ, ಹಳೆಯ ಕಟ್ಟಡ, ಪುರಾತನ ಯಂತ್ರ, ಎಲ್ಲವೂ ಉಂಟು. ಇಷ್ಟಿದ್ದೂ ಮನೆಯ ಹುಡುಗರೊಡನೆ ಕುಳಿತು ಅದನ್ನು ನೋಡಿ ಮುಗಿಸಿದಾಗ ನನಗೆ ಉಳಿದದ್ದು ಭಯವಲ್ಲ, ಆಕಳಿಕೆ. ಹುಡುಗರೂ ನಡುವೆಯೇ ಎದ್ದು ಹೋಗಿದ್ದರು. ಒಳ್ಳೆಯ ವಸ್ತುವು ಹೀಗೆ ಹಾಳಾದುದೇಕೆಂದು ವಿಚಾರಿಸಿದರೆ, ಆ ಕಾರಣವೇ ನಮ್ಮ ಮೊದಲಿನ ಪ್ರಶ್ನೆಗೂ ದಾರಿತೋರುತ್ತದೆಂದು ನನ್ನ ಅಭಿಪ್ರಾಯ.

ಭರತಮುನಿಯು ಎಂಟು ರಸಗಳನ್ನು ಹೇಳುವಾಗ ಭಯಾನಕವನ್ನೂ ಬೀಭತ್ಸವನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಒಂದಕ್ಕೆ ಭಯವು ಸ್ಥಾಯಿ. ಇನ್ನೊಂದಕ್ಕೆ ಜುಗುಪ್ಸೆಯು ಸ್ಥಾಯಿ. ಕಿತ್ತ ಕಣ್ಣನ್ನು ತೋರಿಸಿದ ಮಾತ್ರಕ್ಕೆ ಜುಗುಪ್ಸೆಯುಂಟಾಗಬಹುದು, ಭಯವುಂಟಾಗುವುದಿಲ್ಲ. ಭಯಕ್ಕೆ ಏನು ಬೇಕು? ಅಭಿನವಗುಪ್ತಾಚಾರ್ಯರು ರಸವಿಚಾರವನ್ನು ಮಾಡುತ್ತ ಭಯಾನಕಕ್ಕೆ ಉದಾಹರಣೆಯಾಗಿ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ತೆಗೆದುಕೊಂಡಿದ್ದಾರೆ. ಅಲ್ಲಿ ಪಿಶಾಚಿಯಿಲ್ಲ, ರಕ್ತವಿಲ್ಲ. ಒಂದು ಸಾಧುಪ್ರಾಣಿಯು ಕತ್ತನ್ನು ತಿರುಗಿಸಿ ತಿರುಗಿಸಿ ನೋಡುತ್ತ ಓಡುವುದಷ್ಟೇ ಉಂಟು. ಆದರೂ ಎದೆಯು ನಡುಗುತ್ತದೆ. ಏತಕ್ಕೆಂದರೆ, ಆ ಜಿಂಕೆಗೆ ತನ್ನ ಪ್ರಾಣವು ಎಷ್ಟು ಪ್ರಿಯವೆಂಬುದನ್ನು ಕವಿಯು ನಮಗೆ ಕಾಣಿಸಿದ್ದಾನೆ. ಪ್ರಿಯವಾದದ್ದು ಯಾವುದೂ ಇಲ್ಲದೆಡೆಯಲ್ಲಿ ಭಯವೂ ಇರಲಾರದು. ಪ್ರೀತಿಯಿದ್ದಲ್ಲಿಯೇ ಭಯಕ್ಕೆ ಬೇರು.

ಈ ಚಲಚ್ಚಿತ್ರದಲ್ಲಿ ಇಲ್ಲದಿರುವುದು ಅದೇ. ಸಾಯುವವರ ಪರಿಚಯವು ನಮಗೆ ಸರಿಯಾಗಿ ಆಗುವುದಿಲ್ಲ. ಅವರಿಗೆ ಯಾವುದರಲ್ಲಿ ಆಸೆ, ಯಾರಲ್ಲಿ ಮಮತೆ ಎಂಬುದು ಮನಸ್ಸಿಗೆ ತಟ್ಟುವುದಿಲ್ಲ. ಕಥೆಗೆ ಅವರ ಕಣ್ಣುಗಳು ಬೇಕು, ಅವರು ಬೇಡ. ಫುಮಗಾಲ್ಲಿಯು ಮನುಷ್ಯರನ್ನು ಬಿಂಬದ ಪಾತ್ರೆಗಳೆಂದು ಭಾವಿಸಿದನೆಂಬುದು ಕಥೆಯು ಅವನ ಮೇಲೆ ಹೊರಿಸುವ ದೋಷ; ಕಥೆಯನ್ನು ಹೇಳಿದವರೂ ತಮ್ಮ ಪಾತ್ರಗಳನ್ನು ಹಾಗೆಯೇ ಭಾವಿಸಿದ್ದಾರೆ. ಆದುದರಿಂದ ಇಲ್ಲಿ ಕಲೆಯ ದೋಷವೂ ಧರ್ಮದ ದೋಷವೂ ಎರಡಲ್ಲ, ಒಂದೇ.

ಕಥೆಯು ಕಲ್ಪಿತವಾದರೂ ಅದರ ಹಿಂದೆ ನಿಜವಾದ ಚರಿತ್ರೆಯುಂಟು. ಹದಿನೇಳನೆಯ ಶತಮಾನದಲ್ಲಿಯೇ ಷೈನರ್ ಎಂಬ ಪಾದ್ರಿಯು ಪ್ರಾಣಿಯ ಕಣ್ಣಿನ ಹಿಂಭಾಗದ ಪೊರೆಯನ್ನು ತೆಗೆದು ಅಲ್ಲಿ ಹೊರಗಿನ ಬಿಂಬವು ತಲೆಕೆಳಗಾಗಿ ಬೀಳುವುದನ್ನು ನೋಡಿದನು. ದೆಕಾರ್ತ್ ಎಂಬ ಫ್ರೆಂಚ್ ದಾರ್ಶನಿಕನು 1637ರಲ್ಲಿ ಪ್ರಕಟಿಸಿದ ದೃಷ್ಟಿವಿಚಾರದ ಗ್ರಂಥದಲ್ಲಿ, ಆಗತಾನೆ ಸತ್ತ ಮನುಷ್ಯನ ಕಣ್ಣನ್ನು, ಅದು ದೊರೆಯದಿದ್ದರೆ ಎತ್ತಿನ ಕಣ್ಣನ್ನು, ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದೆಂದು ಬರೆದಿದ್ದಾನೆ. ಆ ಬಿಂಬವು ಕ್ಷಣಿಕವಾದುದು. ಬಿಂಬವನ್ನು ನಿಲ್ಲಿಸುವ ವಿದ್ಯೆಯು 1820ರ ದಶಕದ ಕೊನೆಗೆ ನಿಯೆಪ್ಸ್ ಎಂಬ ಫ್ರೆಂಚ್ ಗೃಹಸ್ಥನಿಗೆ ಸಿದ್ಧಿಸಿತು. ಅವನು ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳನ್ನೂ ಗೋಡೆಗಳನ್ನೂ ಲೋಹದ ಫಲಕದ ಮೇಲೆ ಹಿಡಿದನು. ಅದಕ್ಕೆ ಸೂರ್ಯನ ಬೆಳಕನ್ನೂ ತಾಳ್ಮೆಯನ್ನೂ ಬಿಟ್ಟು ಬೇರೆ ಬೆಲೆಯನ್ನು ಯಾರೂ ತೆರಬೇಕಾಗಲಿಲ್ಲ.

ಅದಾಗಿ ಅರ್ಧ ಶತಮಾನವಾದ ಮೇಲೆ ಇನ್ನೊಂದು ಕಿಟಕಿಯ ಚಿತ್ರವು ಬಂತು. 1876ರಲ್ಲಿ ರೋಮಿನಲ್ಲಿದ್ದ ಫ್ರಾಂಟ್ಸ್ ಬೋಲ್ ಎಂಬ ಜರ್ಮನ್ ವಿದ್ವಾಂಸನು, ಕಣ್ಣಿನ ಒಳಪೊರೆಯಲ್ಲಿ ಕೆನ್ನೇರಳೆಯ ಬಣ್ಣದ ದ್ರವ್ಯವೊಂದಿದ್ದು ಬೆಳಕು ಬಿದ್ದಾಗ ಅದು ಬಿಳಿಚಿಕೊಳ್ಳುವುದೆಂದು ಕಂಡುಹಿಡಿದನು. ಹೈಡೆಲ್ಬರ್ಗಿನ ವಿಲ್ಹೆಲ್ಮ್ ಕ್ಯೂನೆ ಇದನ್ನು ಮುಂದುವರಿಸಿದನು. ಒಂದು ಬಿಳಿಯ ಮೊಲವನ್ನು ಅಲುಗದಂತೆ ಬಿಗಿದು, ಕಣ್ಣಿಗೆ ಕೆಲವು ನಿಮಿಷ ಬಟ್ಟೆಯನ್ನು ಮುಚ್ಚಿ, ಅನಂತರ ಸರಳುಗಳಿದ್ದ ಬೆಳಗುವ ಕಿಟಕಿಯೊಂದನ್ನು 3 ನಿಮಿಷಗಳ ಕಾಲ ತೋರಿಸಿ, ಒಡನೆಯೇ ಅದರ ತಲೆಯನ್ನು ಕಡಿದು, ಕಣ್ಣನ್ನು ತೆರೆದು ಪಟಿಕದ ನೀರಿನಲ್ಲಿರಿಸಿದನು. ಮರುದಿನ ಆ ಪೊರೆಯ ಮೇಲೆ ಕಿಟಕಿಯೂ ಅದರ ಸರಳುಗಳೂ ಮೂಡಿದ್ದುವು. 1880ರಲ್ಲಿ ಮರಣದಂಡನೆಗೆ ಗುರಿಯಾದ ಒಬ್ಬ ಅಪರಾಧಿಯ ಕಣ್ಣನ್ನೂ ಅವನು ಹೀಗೆ ಪರೀಕ್ಷಿಸಿದನು. ಅಲ್ಲಿ ಕಂಡ ಅಸ್ಪಷ್ಟವಾದ ಆಕೃತಿಯು ಯಾವ ವಸ್ತುವಿನದೆಂದು ನಿರ್ಣಯಿಸುವುದಕ್ಕಾಗಲಿಲ್ಲ.

ಆದರೂ ಹತನಾದವನ ಕಣ್ಣಿನಲ್ಲಿ ಹಂತಕನ ಮುಖವು ಉಳಿಯುತ್ತದೆಂಬ ಮೂಢನಂಬಿಕೆಯು ಯೂರೋಪಿನಲ್ಲೆಲ್ಲ ಹರಡಿಕೊಂಡಿತು. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ಲಿನಲ್ಲಿ ಕೊಲೆಯಾದ ಹೆಂಗಸೊಬ್ಬಳ ಮರಣವಿಚಾರಣೆಯಲ್ಲಿ, ಆಕೆಯ ಕಣ್ಣಿನ ಛಾಯಾಚಿತ್ರವನ್ನು ತೆಗೆಸಲಾಯಿತೇ ಎಂಬ ಪ್ರಶ್ನೆಯು ಬಂತು. ಅದು ನಿಷ್ಪ್ರಯೋಜನವೆಂದು ವೈದ್ಯನು ಉತ್ತರಕೊಟ್ಟನು. 1927ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ಪೊಲೀಸಿನವನೊಬ್ಬನನ್ನು ಕೊಂದವರು ಆತನ ಎರಡು ಕಣ್ಣುಗಳಿಗೂ ಗುಂಡು ಹೊಡೆದಿದ್ದರು. ಈ ನಂಬಿಕೆಯೇ ಅದಕ್ಕೆ ಕಾರಣವೆಂದು ಜನರು ಆಡಿಕೊಂಡರು. ವಸ್ತುಸ್ಥಿತಿಯಲ್ಲಿ, ಜೀವವಿರುವ ಕಣ್ಣು ಕ್ಷಣಕ್ಷಣಕ್ಕೂ ಚಲಿಸುತ್ತದೆ. ಬಿಳಿಚಿಕೊಂಡ ಬಣ್ಣವು ಮತ್ತೆ ತುಂಬಿಕೊಳ್ಳುತ್ತದೆ. ಬಿಗಿದು ಕಟ್ಟಿದ ಪ್ರಾಣಿಯಲ್ಲಿ ಸಾಧಿಸಿದ್ದು ಓಡಿ ಬೀಳುವ ಮನುಷ್ಯನಲ್ಲಿ ಸಾಧ್ಯವಲ್ಲ. 1975ರಲ್ಲಿ ಅದೇ ಹೈಡೆಲ್ಬರ್ಗಿನಲ್ಲಿ ಮೊಲಗಳ ಮೇಲೆ ಈ ಪ್ರಯೋಗವನ್ನು ಪುನಃ ಮಾಡಿ ನೋಡಿದಾಗಲೂ ಅಪರಾಧಶೋಧನೆಗೆ ಅದರಿಂದ ಉಪಯೋಗವಾಗಲಿಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: “ಕ್ಯೂನೆಯ ಮೊಲವು ವ್ಯರ್ಥವಾಗಿ ಸಾಯಲಿಲ್ಲ. ಕಣ್ಣಿನ ಆ ಬಣ್ಣದ ವಿಚಾರವು ಬೆಳೆದುದರಿಂದಲೇ 1933ರಲ್ಲಿ ಜಾರ್ಜ್ ವಾಲ್ಡ್ ಎಂಬವರು ಅಕ್ಷಿಪಟಲದಲ್ಲಿ ‘ಎ’ ಜೀವಸತ್ತ್ವವಿರುವುದನ್ನು ಕಂಡುಹಿಡಿದರು; ಅವರಿಗೆ 1967ರ ನೊಬೆಲ್ ಪಾರಿತೋಷಕವು ದೊರೆಯಿತು. ಆ ಜೀವಸತ್ತ್ವದ ಅಭಾವದಿಂದ ಇರುಳುಗುರುಡು ಏಕೆ ಬರುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ನಮ್ಮ ದೇಶದಲ್ಲಿ 1970ರಲ್ಲಿ ಮಕ್ಕಳ ಅಂಧತ್ವವನ್ನು ತಡೆಯಲು ಈ ಜೀವಸತ್ತ್ವವನ್ನು ಕೊಡುವ ಯೋಜನೆಯು ಆರಂಭವಾಯಿತು. ಒಂದು ಮೊಲ ಹೆಚ್ಚೋ, ಲಕ್ಷ ಮಕ್ಕಳ ಕಣ್ಣು ಹೆಚ್ಚೋ?”

ಈ ಆಕ್ಷೇಪವು ಲಘುವಾದುದಲ್ಲ. ಮಕ್ಕಳ ಕಣ್ಣನ್ನು ಕಡೆಗಣಿಸಿ ಮೊಲವನ್ನು ಹೊಗಳುವುದು ದಯೆಯೂ ಅಲ್ಲ. ಆದರೆ ಎರಡು ಮಾತುಗಳನ್ನು ಗಮನಿಸಬೇಕು. ಮೊದಲನೆಯದು: ಜ್ಞಾನಕ್ಕೆ ಅವಶ್ಯವಾದದ್ದು ಬಣ್ಣದ ದ್ರವ್ಯದ ಶೋಧನೆ; ಕಿಟಕಿಯ ಚಿತ್ರವು ಬಹುಮಟ್ಟಿಗೆ ಅದರ ಪ್ರದರ್ಶನ. ಅವಶ್ಯಕತೆಯು ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಯವರೆಗೆ ಮಾತ್ರವೇ ಲೋಕಹಿತದ ವಾದಕ್ಕೆ ಬಲ. ಅದರಾಚೆಗೆ ಉಳಿಯುವುದು ಕುತೂಹಲ. ಎರಡನೆಯದು: ಹಿತವನ್ನು ಪಡೆದವರು ಬೇರೆ, ಬೆಲೆಯನ್ನು ತೆತ್ತವರು ಬೇರೆ. ಬೇರೊಬ್ಬರ ಕೈಯಿಂದ ಬೆಲೆಯನ್ನು ತೆರಿಸಿ ಪಡೆದ ಲಾಭಕ್ಕೆ ಋಣವೆಂದು ಹೆಸರು. ಋಣವು ಕೆಲವು ಸಲ ಅನಿವಾರ್ಯವಾಗಬಹುದು. ಆದರೆ ಅದು ಋಣವೇ ಅಲ್ಲವೆಂದು ವಾದಿಸುವವನಿಗೂ ಫುಮಗಾಲ್ಲಿಗೂ ನಡುವಣ ಅಂತರವು ಬಹಳ ಕಿರಿದು.

ತಾನಾಗಿ ಹಾನಿಮಾಡದೆ, ಆಗಿಹೋದ ಹಾನಿಯ ಚಿತ್ರವನ್ನು ತೆಗೆಯುವವನ ವಿಷಯವೇನು? 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಕೀಟನಾಶಕದ ಕಾರ್ಖಾನೆಯಿಂದ ವಿಷವಾಯುವು ಹೊರಬಿದ್ದು ಸಾವಿರಾರು ಮಂದಿ ಮಡಿದಾಗ, ರಘು ರಾಯ್ ಮತ್ತು ಪಾಬ್ಲೊ ಬಾರ್ತಲೋಮ್ಯೂ ಎಂಬ ಛಾಯಾಗ್ರಾಹಕರು, ಹೂಳಲ್ಪಡುತ್ತಿದ್ದ ಹೆಸರಿಲ್ಲದ ಕೂಸೊಂದರ ಮುಖವನ್ನು ಚಿತ್ರಿಸಿದರು. ಮಣ್ಣಿನ ನಡುವೆ ತೆರೆದೇ ಇರುವ ಆ ಕಣ್ಣುಗಳನ್ನು ನೋಡಿದವರು ಮರೆಯಲಾರರು. ಆ ಕಣ್ಣಿನಲ್ಲಿ ಹಂತಕನ ಬಿಂಬವನ್ನು ಯಾರೂ ಹುಡುಕಲಿಲ್ಲ. ಆದರೆ ಲೋಕವೆಲ್ಲ ಅಪರಾಧವನ್ನು ಕಂಡಿತು. ಇಲ್ಲಿ ಚಿತ್ರವು ಸತ್ತವರ ಪರವಾಗಿ ಮಾತನಾಡಿತು. ಬಿಂಬಕ್ಕಾಗಿ ಸಾವನ್ನು ತಂದವನೂ ಸತ್ತವರಿಗಾಗಿ ಬಿಂಬವನ್ನು ತಂದವನೂ ಸಮಾನರಲ್ಲ.

ಹಾಗಾದರೆ ನೋಡುವವನೆಲ್ಲ ನಿರ್ದೋಷಿಯೆ? ‘ಸಾಕ್ಷಿ’ ಎಂಬ ಪದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಎರಡು ಪ್ರಯೋಗಗಳುಂಟು. ವೇದಾಂತದಲ್ಲಿ ಸಾಕ್ಷಿಯೆಂದರೆ ಯಾವುದಕ್ಕೂ ಅಂಟದೆ ನೋಡುವ ಚೈತನ್ಯ. ಧರ್ಮಶಾಸ್ತ್ರದಲ್ಲಿ ಸಾಕ್ಷಿಯೆಂದರೆ ಕಂಡದ್ದನ್ನು ಸಭೆಯಲ್ಲಿ ಹೇಳಲೇಬೇಕಾದ ಮನುಷ್ಯ. ಸಭಾಪರ್ವದಲ್ಲಿ ದ್ರೌಪದಿಯ ಪ್ರಶ್ನೆಗೆ ಸಭಿಕರು ಬಾಯಿಬಿಡದಿದ್ದಾಗ ವಿದುರನು ಪ್ರಹ್ಲಾದನ ಕಥೆಯನ್ನು ಹೇಳುತ್ತಾನೆ. ನಿಂದ್ಯವಾದದ್ದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧವು ಹಿರಿಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತವರಿಗೆ ಎಂಬುದು ಅಲ್ಲಿಯ ನಿರ್ಣಯ. ಮಾಡಿದವನಿಗೂ ನೋಡಿದವರಿಗೂ ಪಾಲು ಸಮವೆಂಬುದು ಗಮನಾರ್ಹ. ಯಂತ್ರವನ್ನು ಹಿಡಿದು ನಿಂತವನು ವೇದಾಂತದ ಸಾಕ್ಷಿಯ ನಿರ್ಲಿಪ್ತತೆಯನ್ನು ತನಗೆ ಆರೋಪಿಸಿಕೊಳ್ಳುವುದು ಸುಲಭ. ಆದರೆ ಅವನು ನಿಂತಿರುವುದು ಧರ್ಮಶಾಸ್ತ್ರದ ಸಭೆಯಲ್ಲಿ.

ರಸ್ತೆಯಲ್ಲಿ ಬಿದ್ದು ನರಳುವವನ ಸುತ್ತ ನಿಂತು ಚಿತ್ರವನ್ನು ತೆಗೆಯುವವರ ಸಂಗತಿಯನ್ನು ನಾವೆಲ್ಲ ಬಲ್ಲೆವು. ಮುಟ್ಟಿದರೆ ಮೊಕದ್ದಮೆಯಾದೀತೆಂಬ ಭಯವು ಒಂದು ಕಾಲದಲ್ಲಿ ಅವರಿಗೆ ನೆಪವಾಗಿತ್ತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಮಾಡಿದ ತಿದ್ದುಪಡಿಯು ಸದ್ಭಾವದಿಂದ ನೆರವಾದವನಿಗೆ ರಕ್ಷಣೆಯನ್ನು ಕೊಟ್ಟಿದೆ. ಆ ನೆಪವೂ ಈಗ ಉಳಿದಿಲ್ಲ. ಆದುದರಿಂದ ಚಿತ್ರವನ್ನು ತೆಗೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಈ ನೋವಿಗೆ ನಾನು ಕಾರಣನೇ? ಇದನ್ನು ಕಡಿಮೆಮಾಡಲು ನನ್ನ ಕೈಗಳಿಂದ ಆಗುವುದೇ? ಈ ಚಿತ್ರವು ನೊಂದವನಿಗೆ ಉಪಕಾರವೋ, ನನಗೆ ಹೆಸರೋ? ಮೊದಲನೆಯದಕ್ಕೆ ‘ಅಲ್ಲ’ ಎಂದ ಮಾತ್ರಕ್ಕೆ ಉಳಿದೆರಡರಿಂದ ಬಿಡುಗಡೆಯಿಲ್ಲ.

ಆ ಚಲಚ್ಚಿತ್ರದ ವಿದ್ಯಾರ್ಥಿಗಳಿಗೆ ಬಿಂಬವನ್ನು ಹಿಡಿಯುವ ಬಗೆಯನ್ನು ಕಲಿಸುವ ಗುರುಗಳಿದ್ದರು. ಈ ಪ್ರಶ್ನೆಗಳನ್ನು ಅವರ ಮುಂದಿಟ್ಟವರು ಇರಲಿಲ್ಲ. ಇಟ್ಟಿದ್ದರೆ ಚಿತ್ರವು ಉತ್ತಮವಾಗುತ್ತಿತ್ತೋ ಏನೋ. ನಮ್ಮ ಮನೆಯ ಮಕ್ಕಳಿಗೆ ಯಂತ್ರವನ್ನು ಕೊಂಡುಕೊಡುವ ದಿನವೇ ಇವನ್ನೂ ಕೊಡುವುದು ಹಿರಿಯರ ಕರ್ತವ್ಯವೆಂದು ತೋರುತ್ತದೆ.