ಸಂಜೆಯ ಬಿಸಿಲಲ್ಲಿ ಕೂರುವ ಹಕ್ಕು

 

*ಇಂದಿನ ಚಿಂತನೆ*

ವಯಸ್ಸಾದ ಗಂಡ ಹೆಂಡತಿ ಮನೆ ಮುಂದೆ ನೆಮ್ಮದಿಯಾಗಿ ಕುಳಿತಿರುವುದನ್ನು ಕಂಡರೆ ನಮ್ಮ ಬಾಯಿಂದ ಬರುವ ಮೊದಲ ಮಾತು, "ಪುಣ್ಯ ಮಾಡಿದ್ರು ಬಿಡಿ." ಎಪ್ಪತ್ತು ದಾಟಿದ ಅಜ್ಜಿ ಉರಿಬಿಸಿಲಲ್ಲಿ ಕಳೆ ಕೀಳುತ್ತಿದ್ದರೆ, "ಪಾಪ, ಹಣೆಬರಹ" ಎನ್ನುತ್ತೇವೆ. ಎರಡೂ ಮಾತು ಹುಟ್ಟಿದ್ದು ಒಂದೇ ನಂಬಿಕೆಯಿಂದ. ಮುಪ್ಪಿನ ನೆಮ್ಮದಿ ಎಲ್ಲಿಂದಲೋ ಬರೆದು ಬಂದಿರುತ್ತದೆ, ಅದನ್ನು ಯಾರೂ ಕೊಡಲಾಗದು, ಯಾರನ್ನೂ ಕೇಳಲಾಗದು ಎಂಬ ನಂಬಿಕೆ ಅದು. ಜೊತೆಗೆ ಇನ್ನೊಂದು ಗಾದೆಯೂ ಇದೆ: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಅಂದರೆ ಕೂತು ಉಣ್ಣುವುದೇ ಒಂದು ತಪ್ಪು. ಹಾಗಾದರೆ ಜೀವನವೆಲ್ಲ ದುಡಿದವರು ಕೊನೆಗಾಲದಲ್ಲಿ ಕೂರುವುದು ಪುಣ್ಯದ ಫಲವೇ, ಯಾರೋ ತೋರಿದ ದಯೆಯೇ, ಅಥವಾ ಹಕ್ಕೇ?

ಈ ಪ್ರಶ್ನೆಯನ್ನು ಹಿಡಿದು ಇವತ್ತು ದೂರದ ಒಂದು ಹಳ್ಳಿಗೆ ಹೋಗಿಬರೋಣ.

ಇಂಗ್ಲೆಂಡಿನ ದಕ್ಷಿಣಕ್ಕೆ ಡಾರ್ಸೆಟ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಹಸಿರು ದಿಬ್ಬಗಳು, ಗೋಧಿ ಹೊಲ, ಹಸು, ಕುರಿ, ಸಣ್ಣ ಸಣ್ಣ ಹೊಳೆಗಳು. ಅಲ್ಲಿನ ಹಳ್ಳಿಯೊಂದರಲ್ಲಿ ಬದುಕುತ್ತಿರುವ ನಿವೃತ್ತ ದಂಪತಿಯನ್ನು ಮನಸ್ಸಿಗೆ ತಂದುಕೊಳ್ಳಿ. ಇವರು ಇಂಥವರೇ ಎಂದು ಹೆಸರಿಟ್ಟು ಹೇಳುತ್ತಿಲ್ಲ. ಅಂಥ ಮನೆಗಳು ಆ ನಾಡಿನಲ್ಲಿ ಬೇಕಾದಷ್ಟಿವೆ. ಆತ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವರು, ಆಕೆ ಶಾಲೆಯಲ್ಲಿ ಅಡುಗೆ ಮಾಡಿದವರು ಎಂದಿಟ್ಟುಕೊಳ್ಳೋಣ.

ಜೂನ್ ತಿಂಗಳು. ಅಲ್ಲಿ ಬೇಸಿಗೆಯೆಂದರೆ ನಮ್ಮ ಏಪ್ರಿಲ್ ಮೇ ತಿಂಗಳ ಸುಡುಗಾಲ ಅಲ್ಲ, ಇಡೀ ವರ್ಷ ಕಾದು ಪಡೆಯುವ ಬೆಳಕಿನ ಕಾಲ. ಬೆಳಗ್ಗೆ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಆಕೆ ಎದ್ದು ಹಾಲು ಹಾಕಿದ ಚಹಾ ಮಾಡುತ್ತಾರೆ. ಆತ ಪೀಪಾಯಿಯಲ್ಲಿ ಹಿಡಿದಿಟ್ಟ ಮಳೆನೀರನ್ನು ಕ್ಯಾನಿಗೆ ತುಂಬಿಕೊಂಡು ಬೀನ್ಸ್ ಬಳ್ಳಿಗೆ ಹಾಕುತ್ತಾರೆ. ರಾತ್ರಿ ಬಸವನಹುಳು ಎಷ್ಟು ಎಲೆ ತಿಂದಿತು ಎಂದು ಬಗ್ಗಿ ನೋಡಿ ಬೈಯುತ್ತಾರೆ. ಬಾಡಿದ ಗುಲಾಬಿಗಳನ್ನು ಆಕೆ ಕತ್ತರಿಸುತ್ತಾರೆ, ಹೊಸ ಮೊಗ್ಗು ಬರಲಿ ಎಂದು. ರೇಡಿಯೋದಲ್ಲಿ ಸುದ್ದಿ, ಟೆಸ್ಟ್ ಪಂದ್ಯವಿದ್ದರೆ ದಿನವಿಡೀ ಕಾಮೆಂಟರಿ.

ಒಂಬತ್ತೂವರೆಯ ನಂತರ ಬಸ್ಸು ಹಿಡಿದು ಪೇಟೆಗೆ ಹೋಗುತ್ತಾರೆ. ಪಿಂಚಣಿ ವಯಸ್ಸು ತಲುಪಿದವರಿಗೆ ಆ ಹೊತ್ತಿನ ಮೇಲೆ ಬಸ್ಸು ಉಚಿತ. ಔಷಧಿ ಅಂಗಡಿಯಲ್ಲಿ ವೈದ್ಯರು ಬರೆದ ಬಿ.ಪಿ. ಮಾತ್ರೆ ತರುತ್ತಾರೆ. 60 ದಾಟಿದವರಿಗೆ ಅದಕ್ಕೂ ಹಣವಿಲ್ಲ. ಮಧ್ಯಾಹ್ನ ತೋಟದಲ್ಲಿ ಹೆಚ್ಚಾದ ಕಾಯಿಗಳನ್ನು ಗೇಟಿನ ಹೊರಗೆ ಸಣ್ಣ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಡಬ್ಬಿ ಇಡುತ್ತಾರೆ. ಕಾಯಲು ಯಾರೂ ಇಲ್ಲ. ಬೇಕಾದವರು ಕಾಯಿ ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗುತ್ತಾರೆ. ಶನಿವಾರ ಊರ ಬಯಲಿನಲ್ಲಿ ಕ್ರಿಕೆಟ್, ಆಟಗಾರರಿಗೆ ಚಹಾ, ಸ್ಯಾಂಡ್‌ವಿಚ್ ಮಾಡುವ ಸರದಿ ಈ ವಾರ ಆಕೆಯದು. ಸಂಜೆ ಊಟ ಮುಗಿಸಿ ಇಬ್ಬರೂ ನಾಯಿ ಹಿಡಿದು ಗೋಧಿ ಹೊಲದ ನಡುವಿನ ಕಾಲುದಾರಿಯಲ್ಲಿ ನಡೆಯುತ್ತಾರೆ. ಬಂದು ಬೆಂಚಿನ ಮೇಲೆ ಕೂರುತ್ತಾರೆ. ಬೆಳಕು ಇನ್ನೂ ಇರುತ್ತದೆ.

ಇಷ್ಟೇ. ಇದರಲ್ಲಿ ಸಾಹಸವಿಲ್ಲ, ಸಂಪತ್ತೂ ಇಲ್ಲ. ಆದರೂ ಇದನ್ನು ಓದುವಾಗ ನಿಮ್ಮಲ್ಲಿ ಹಲವರಿಗೆ ನಿಮ್ಮ ಅಪ್ಪ ಅವ್ವ ನೆನಪಾಗಿರಬಹುದು. "ಪುಣ್ಯವಂತರು" ಎಂಬ ಮಾತು ನಾಲಿಗೆಯ ತುದಿಗೆ ಬಂದಿರಬಹುದು. ಆ ಮಾತು ಹೊರಬರುವ ಮುಂಚೆ ಅದೇ ಡಾರ್ಸೆಟ್‌ನ ಹಿಂದಿನ ಕತೆಯನ್ನು ಕೇಳಬೇಕು.

ಅಲ್ಲಿ ಟಾಲ್‌ಪಡಲ್ ಎಂಬ ಹಳ್ಳಿ ಇದೆ. 1830ರ ದಶಕದ ಆರಂಭದಲ್ಲಿ ಅಲ್ಲಿನ ಕೃಷಿ ಕೂಲಿಕಾರರ ವಾರದ ಕೂಲಿ ಒಂಬತ್ತು ಶಿಲಿಂಗ್‌ನಿಂದ ಎಂಟಕ್ಕೆ ಇಳಿಯಿತು, ಆಮೇಲೆ ಏಳಕ್ಕೆ. ಇನ್ನು ಆರಕ್ಕೆ ಇಳಿಸುತ್ತೇವೆ ಎಂದರು ಒಡೆಯರು. ಕೆಲವು ಕೂಲಿಕಾರರು ಸೇರಿ ಸಂಘ ಕಟ್ಟಿದರು. ಊರ ನಡುವಿನ ಸಿಕಮೋರ್ ಮರದ ಕೆಳಗೆ ಅವರು ಸೇರುತ್ತಿದ್ದರು ಎನ್ನುತ್ತಾರೆ. ಆ ಮರ ಇವತ್ತಿಗೂ ಇದೆ. ಸಂಘ ಕಟ್ಟುವುದು ಆಗ ಕಾನೂನಿನ ಪ್ರಕಾರ ಅಪರಾಧವಾಗಿರಲಿಲ್ಲ. ಹಾಗಾಗಿ ಗುಟ್ಟಾಗಿ ಪ್ರಮಾಣ ಮಾಡಿಸಿದರು ಎಂಬ ಬೇರೊಂದು ಆರೋಪ ಹುಡುಕಿ, 1834ರಲ್ಲಿ ಆರು ಮಂದಿಗೆ ಏಳು ವರ್ಷಗಳ ಗಡೀಪಾರು ಶಿಕ್ಷೆ ಕೊಟ್ಟು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದರು. ಇಂಗ್ಲೆಂಡಿನ ದುಡಿಯುವ ಜನ ಬೀದಿಗಿಳಿದರು, ಲಕ್ಷಗಟ್ಟಲೆ ಸಹಿ ಸಂಗ್ರಹಿಸಿದರು. 1836ರಲ್ಲಿ ಶಿಕ್ಷೆ ಮನ್ನಾ ಆಯಿತು. ಆರೂ ಜನ ತಿರುಗಿ ಬಂದರು. ಆದರೆ ಐವರು ಮುಂದೆ ಕೆನಡಾಕ್ಕೆ ಹೋಗಿ ನೆಲೆಸಿದರು. ಹುಟ್ಟೂರಿನಲ್ಲಿ ಬಾಳಿದ್ದು ಜೇಮ್ಸ್ ಹ್ಯಾಮೆಟ್ ಒಬ್ಬರೇ.

ಹ್ಯಾಮೆಟ್ ಅವರ ಕೊನೆಗಾಲ ಹೇಗಿತ್ತು? ಮುಪ್ಪಿನಲ್ಲಿ ಕಣ್ಣು ಹೋಯಿತು. 1891ರಲ್ಲಿ ಡಾರ್ಚೆಸ್ಟರ್‌ನ ವರ್ಕ್‌ಹೌಸ್‌ನಲ್ಲಿ ಅವರು ತೀರಿಕೊಂಡರು.

ವರ್ಕ್‌ಹೌಸ್ ಎಂದರೆ ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ಸರ್ಕಾರಿ ಮನೆ. 1834ರಲ್ಲೇ ಬಂದ ಬಡವರ ಕಾಯ್ದೆ ಅದನ್ನು ದೇಶದ ತುಂಬ ಹರಡಿತು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗುತ್ತಾರೆ ಎಂಬುದೇ ಅದರ ನೀತಿ. ಬಾಗಿಲಲ್ಲೇ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಕಳಿಸುತ್ತಿದ್ದರು. ನಲವತ್ತು ವರ್ಷ ಒಟ್ಟಿಗೆ ಬಾಳಿದವರು ಗೋಡೆಯ ಎರಡು ಬದಿಯಲ್ಲಿ ಮಲಗಬೇಕು. 1847ರಲ್ಲಿ 60 ದಾಟಿದ ದಂಪತಿ ಒಟ್ಟಿಗಿರಬಹುದು ಎಂದು ಕಾನೂನು ಮಾಡಿದರು, ಆದರೆ ಬಹಳ ಕಡೆ ಅದು ಕಾಗದದಲ್ಲೇ ಉಳಿಯಿತು.

ಈಗ ಯೋಚಿಸಿ. ಇಂದು ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತಿರುವ ಈ ಇಬ್ಬರು ನೂರೈವತ್ತು ವರ್ಷ ಮೊದಲು ಅದೇ ಹಳ್ಳಿಯಲ್ಲಿ, ಅದೇ ಕೂಲಿ ಕುಟುಂಬದಲ್ಲಿ ಹುಟ್ಟಿದ್ದರೆ ಬೇರೆ ಬೇರೆ ವಾರ್ಡಿನಲ್ಲಿ ಸಾಯಬೇಕಾಗಬಹುದಿತ್ತು. ಅದೇ ನೆಲ, ಅದೇ ಹೊಳೆ, ಅದೇ ಬೇಸಿಗೆಯ ಬೆಳಕು. ನಡುವೆ ಬದಲಾದದ್ದು ಏನು? ಪೂರ್ವಜನ್ಮದ ಪುಣ್ಯ ಒಂದು ಇಡೀ ದೇಶದಲ್ಲಿ ಇದ್ದಕ್ಕಿದ್ದಂತೆ ಹೆಚ್ಚಾಯಿತೇ?

ಬದಲಾದದ್ದು ಕಾನೂನು. ಅದನ್ನು ಬದಲಿಸಿದ್ದು ಮನುಷ್ಯರು. 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂತು. 1909ರ ಜನವರಿ 1ರಿಂದ 70 ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಕೊಡತೊಡಗಿದರು, ಅದೂ ಅಂಚೆ ಕಚೇರಿಯಲ್ಲಿ. ಭಿಕ್ಷೆಯ ಕಳಂಕ ಅಂಟಿದ್ದ ಬಡವರ ಕಚೇರಿಯ ಬಾಗಿಲು ಅದಕ್ಕಾಗಿ ತಟ್ಟಬೇಕಿರಲಿಲ್ಲ. ಫ್ಲೋರಾ ಥಾಂಪ್ಸನ್ ಎಂಬ ಲೇಖಕಿ ಆಕ್ಸ್‌ಫರ್ಡ್‌ಶೈರ್‌ನ ಬಡ ಹಳ್ಳಿಯಲ್ಲಿ ಹುಟ್ಟಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು. ಮೊದಲ ಸಲ ಪಿಂಚಣಿ ಪಡೆಯಲು ಬಂದ ಮುದುಕರು ಕಣ್ಣೀರಿಟ್ಟದ್ದನ್ನೂ, ಹಣ ಎಣಿಸಿ ಕೊಟ್ಟ ಹುಡುಗಿಗೇ ತಮ್ಮ ಹಿತ್ತಲಿನ ಹೂವು, ಸೇಬು ತಂದುಕೊಟ್ಟದ್ದನ್ನೂ ಅವರು ಬರೆದಿದ್ದಾರೆ. ಯಾರೋ ದೊಡ್ಡ ಪ್ರಭು ದಯೆ ತೋರಿದ್ದಾನೆ ಎಂದೇ ಆ ಮುದುಕರು ತಿಳಿದಿದ್ದರಂತೆ. ತಲೆತಲಾಂತರದಿಂದ ಬಗ್ಗಿದ ಬೆನ್ನಿಗೆ ಹಕ್ಕು ಕೈಗೆ ಬಂದಾಗಲೂ ಅದು ಭಿಕ್ಷೆಯಂತೆಯೇ ಕಾಣುತ್ತದೆ. ಇದು ನಮಗೆ ಹೊಸದಲ್ಲ.

ಉಳಿದವೂ ಹೀಗೆಯೇ ಬಂದವು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಆತ ತರಕಾರಿ ಬೆಳೆಯುವ ತುಂಡು ಭೂಮಿ, ಅಲ್ಲಿ ಅದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ, ಅವರ ಸ್ವಂತದ್ದಲ್ಲ. ಹಿಂದೆ ಊರಿನ ಸಾಮೂಹಿಕ ಜಮೀನುಗಳಿಗೆ ಸಿರಿವಂತರು ಬೇಲಿ ಹಾಕಿಕೊಂಡರು, ಬಡವರಿಗೆ ಹಸು ಮೇಯಿಸಲೂ ಜಾಗ ಉಳಿಯಲಿಲ್ಲ. ಅದರ ವಿರುದ್ಧದ ದೀರ್ಘ ಒತ್ತಾಯದ ಫಲವಾಗಿ ಜನ ಕೇಳಿದರೆ ಕೌನ್ಸಿಲ್ ಇಂಥ ತುಂಡು ಭೂಮಿಯನ್ನು ಬಾಡಿಗೆಗೆ ಕೊಡಬೇಕು ಎಂದು 1908ರ ಕಾಯ್ದೆ ಹೇಳಿತು. ಗೋಧಿ ಹೊಲದ ನಡುವಿನ ಕಾಲುದಾರಿಯೂ ಅಷ್ಟೆ. ಹೊಲ ಒಡೆಯನದು, ದಾರಿ ಎಲ್ಲರದು. ಒಡೆಯ ಅದನ್ನು ಮುಚ್ಚುವ ಹಾಗಿಲ್ಲ ಎಂದೇನೂ ಸುಲಭವಾಗಿ ಆದದ್ದಲ್ಲ. 1932ರಲ್ಲಿ ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಯುವ ಕಾರ್ಮಿಕರು ನಿಷೇಧ ಮೀರಿ ನಡೆದರು. ಅವರಲ್ಲಿ ಐವರಿಗೆ ಜೈಲಾಯಿತು. 1949ರಲ್ಲಿ ಬಂದ ಕಾಯ್ದೆ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ಗುರುತಿಸಬೇಕು ಎಂದಿತು. ದಾರಿಯಲ್ಲಿ ನಡೆಯುವ ಹಕ್ಕಿಗೆ ಬೆಲೆ ತೆತ್ತವರ ಕತೆ ಯಾವ ದೇಶದ್ದಾದರೂ ನಮಗೆ ಬೇಗ ಅರ್ಥವಾಗುತ್ತದೆ.

ಮತ್ತೆ ಟಾಲ್‌ಪಡಲ್‌ಗೆ ಬನ್ನಿ. ಆ ಆರು ಜನರ ಶಿಕ್ಷೆಗೆ ನೂರು ವರ್ಷ ತುಂಬಿದಾಗ, 1934ರಲ್ಲಿ, ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಅಲ್ಲಿ ಅವರ ನೆನಪಿಗೆ ಏನು ಕಟ್ಟಿಸಿತು ಗೊತ್ತೇ? ನಿವೃತ್ತ ಕೃಷಿ ಕಾರ್ಮಿಕರು ವಾಸಿಸಲು ಆರು ಮನೆ. ಒಂದೊಂದಕ್ಕೂ ಆ ಆರು ಮಂದಿಯಲ್ಲಿ ಒಬ್ಬೊಬ್ಬರ ಹೆಸರು. ವರ್ಕ್‌ಹೌಸ್‌ನಲ್ಲಿ ಸತ್ತ ಹ್ಯಾಮೆಟ್ ಹೆಸರಿನಲ್ಲೂ ದುಡಿದು ದಣಿದವರಿಗೆ ಒಂದು ಮನೆ. ಪ್ರತಿ ಬೇಸಿಗೆಯಲ್ಲಿ, ಜುಲೈ ತಿಂಗಳಲ್ಲಿ, ಆ ಸಣ್ಣ ಹಳ್ಳಿಗೆ ದೇಶದ ಮೂಲೆಮೂಲೆಯಿಂದ ಕಾರ್ಮಿಕರು ಬಾವುಟ ಹಿಡಿದು ಬಂದು ಮೆರವಣಿಗೆ ಮಾಡುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ದಂಪತಿ 35 ವರ್ಷ ರಾಷ್ಟ್ರೀಯ ವಿಮೆ ಕಟ್ಟಿದ್ದಾರೆ, ಈಗಿನ ನಿಯಮದಲ್ಲಿ ಪೂರ್ತಿ ಪಿಂಚಣಿಗೆ ಅಷ್ಟು ಬೇಕು. ಹಾಗಾದರೆ ಅವರು ಉಣ್ಣುತ್ತಿರುವುದು ತಮ್ಮದೇ ಗಂಟು ಅಲ್ಲವೇ? ಅಲ್ಲ. ಅವರು ಕಟ್ಟಿದ ಹಣವನ್ನು ಅವರ ಹೆಸರಿನಲ್ಲಿ ಡಬ್ಬಿಯಲ್ಲಿ ತೆಗೆದಿಟ್ಟಿಲ್ಲ. ಅದು ಆಗಿನ ಮುದುಕರಿಗೆ ಹೋಯಿತು. ಇವರ ಪಿಂಚಣಿ ಬರುವುದು ಇಂದು ದುಡಿಯುತ್ತಿರುವವರ ಸಂಬಳದಿಂದ. ಆ ದುಡಿಯುವವರಲ್ಲಿ ವೃದ್ಧಾಶ್ರಮದ ರಾತ್ರಿ ಪಾಳಿಯಲ್ಲಿ ಮುದುಕರ ಹಾಸಿಗೆ ಬದಲಿಸುವ ಕೇರಳದ ಹೆಣ್ಣುಮಗಳೂ ಇದ್ದಾಳೆ, ನೈಜೀರಿಯಾದಿಂದ ಬಂದ ಯುವಕನೂ ಇದ್ದಾನೆ. ಬೆಂಚಿನ ಮೇಲಿನ ಬಟ್ಟಲಲ್ಲಿರುವ ಸ್ಟ್ರಾಬೆರಿ ಅಂಗಡಿಯದಾದರೆ, ಅದನ್ನು ಬಗ್ಗಿ ಕಿತ್ತವರು ಬೇಸಿಗೆ ಕೂಲಿಗೆಂದೇ ಬೇರೆ ದೇಶದಿಂದ ಬಂದವರಿರಬಹುದು. ಒಬ್ಬರು ಕೂರಬೇಕಾದರೆ ಇನ್ನೊಬ್ಬರು ನಿಂತಿರಲೇಬೇಕು. ಅದರಲ್ಲಿ ತಪ್ಪಿಲ್ಲ, ಒಂದು ಷರತ್ತಿನ ಮೇಲೆ: ಇಂದು ನಿಂತವರಿಗೆ ನಾಳೆ ಕೂರುವ ಜಾಗ ಇರಬೇಕು. ಅದು ತಪ್ಪಿದರೆ ಹಕ್ಕು ಮತ್ತೆ ಒಡೆತನವಾಗುತ್ತದೆ.

ಇಂಗ್ಲೆಂಡಿನ ಹಳ್ಳಿಗಳೂ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗಿಲ್ಲ. ಪೇಟೆಯ ಹಣವಂತರು ರಜೆಗೆಂದು ಮನೆ ಕೊಂಡು ಬೆಲೆ ಏರಿಸಿ, ಊರಲ್ಲೇ ಹುಟ್ಟಿದ ಕೂಲಿಕಾರರ ಮಕ್ಕಳಿಗೆ ಅಲ್ಲಿ ಬಾಡಿಗೆ ಮನೆಯೂ ಸಿಗದಂತಾಗಿದೆ. ಹಲವು ಕಡೆ ಬಸ್ ಪಾಸ್ ಇದೆ, ಬಸ್ಸೇ ಇಲ್ಲ. ಮುದುಕರನ್ನು ನೋಡಿಕೊಳ್ಳಲು ಹೊರದೇಶದಿಂದ ಹೊಸಬರನ್ನು ಕರೆಸುವ ವೀಸಾ ದಾರಿಯನ್ನು 2025ರ ಜುಲೈಯಲ್ಲಿ ಮುಚ್ಚಿದರು. ಆದ್ದರಿಂದ ಆ ಹಳ್ಳಿಯನ್ನು ಸ್ವರ್ಗವೆಂದು ಹೊಗಳುವುದು ಬೇಡ. ಹಳ್ಳಿಯನ್ನು ದೂರದಿಂದ ಹೊಗಳುವವರ ಬಗ್ಗೆ ಬಾಬಾಸಾಹೇಬರು ನಮ್ಮನ್ನು ಎಚ್ಚರಿಸಿದ್ದಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು, ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಹಾಡಿ ಹೊಗಳಿದ್ದ ಮೆಟ್‌ಕಾಫ್ ಎಂಬ ಇಂಗ್ಲಿಷ್ ಅಧಿಕಾರಿಯ ಮಾತನ್ನು ಎತ್ತಿಕೊಂಡು, ಆ ಮೋಹವನ್ನು ಒಡೆದರು. ಹಳ್ಳಿ ಸುಂದರವೇ ಎನ್ನುವುದಕ್ಕಿಂತ, ಅಲ್ಲಿನ ಕಟ್ಟಕಡೆಯ ಮನೆಯ ಮುದುಕಿ ಹೇಗಿದ್ದಾಳೆ ಎಂದು ನೋಡಬೇಕು. ಅದೇ ಸಭೆ ಒಪ್ಪಿದ ಸಂವಿಧಾನದ 41ನೇ ವಿಧಿ, ಮುಪ್ಪಿನಲ್ಲಿ ನೆರವು ಪಡೆಯುವ ಹಕ್ಕನ್ನು ರಾಜ್ಯವು ತನ್ನ ಶಕ್ತಿಯ ಮಿತಿಯಲ್ಲಿ ಕಾಪಾಡಬೇಕು ಎನ್ನುತ್ತದೆ. ಅಲ್ಲಿ ಬಳಸಿರುವ ಪದ ಹಕ್ಕು.

ಇಷ್ಟೆಲ್ಲ ಹೇಳಿದ ಮೇಲೂ ಆ ದಂಪತಿಯ ಬಗ್ಗೆ ಒಂದು ಮಾತು ಉಳಿಯುತ್ತದೆ. ಕಾನೂನು ಪಿಂಚಣಿ ಕೊಡಬಹುದು, ನೆಮ್ಮದಿಯನ್ನು ಕೊಡಲಾರದು. ಹೆಚ್ಚಿನ ಕಾಯಿಯನ್ನು ಗೇಟಿನ ಮುಂದಿಡುವುದು, ಕ್ರಿಕೆಟ್ ಹುಡುಗರಿಗೆ ಚಹಾ ಮಾಡುವುದು, ಒಂಟಿಯಾದ ನೆರೆಮನೆಯಾಕೆಯ ಪರದೆ ಬೆಳಗ್ಗೆ ಸರಿದಿದೆಯೇ ಎಂದು ನೋಡುವುದು, ಇವನ್ನು ಯಾವ ಕಾಯ್ದೆಯೂ ಹೇಳಿಲ್ಲ. ಸಾಕು ಎನ್ನುವ ಮನಸ್ಸು ಅವರದೇ ಸಾಧನೆ. ಆದರೆ ಹೊಟ್ಟೆಗಿಲ್ಲದವರಿಗೆ "ಸಾಕು ಅನ್ನು" ಎಂದು ಬೋಧಿಸುವುದು ಕ್ರೌರ್ಯ. ಮೊದಲು ಕಾಲೂರಲು ನೆಲ ಬೇಕು, ಆಮೇಲೆ ಮನಸ್ಸಿನ ಮಾತು.

ಆದ್ದರಿಂದ ಇನ್ನು ಮುಂದೆ ನೆಮ್ಮದಿಯಾಗಿ ಕುಳಿತ ವೃದ್ಧ ದಂಪತಿಯನ್ನು ಕಂಡರೆ "ಪುಣ್ಯ ಮಾಡಿದ್ರು" ಎನ್ನುವ ಬದಲು "ದುಡಿದಿದ್ರು, ಕೂತಿದ್ದಾರೆ" ಎನ್ನೋಣ. ಬಿಸಿಲಲ್ಲಿ ಬಗ್ಗಿದ ಅಜ್ಜಿಯನ್ನು ಕಂಡರೆ "ಹಣೆಬರಹ" ಎನ್ನದೆ, ಅವಳಿಗೆ ಬರಬೇಕಾದದ್ದು ಬಂದಿದೆಯೇ ಎಂದು ಕೇಳೋಣ.

*ಇಂದು ಯೋಚಿಸಲು:* ನಮ್ಮ ಬೀದಿಯಲ್ಲಿ 60 ದಾಟಿಯೂ ಪಿಂಚಣಿ ಬಾರದೆ ದುಡಿಯುತ್ತಿರುವವರು ಯಾರಿದ್ದಾರೆ? ಅವರ ಅರ್ಜಿ ಎಲ್ಲಿ ನಿಂತಿದೆ? ಈ ವಾರ ನಮ್ಮಲ್ಲಿ ಒಬ್ಬರು ಅವರ ಜೊತೆ ಕಚೇರಿಗೆ ಹೋಗಿಬರಬಹುದೇ?

ಭವತು ಸಬ್ಬ ಮಂಗಲಂ.