ಗೈರುಹಾಜರಿಯ ಹೊಣೆ ಯಾರದು?

ದಸರಾ ರಜೆ ಮುಗಿದು ಶಾಲೆಗಳು ತೆರೆದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಊರುಗಳಲ್ಲಿ ಕೆಲವು ಮಕ್ಕಳ ಹೆಸರು ಕರೆದರೆ ಉತ್ತರ ಬರುವುದಿಲ್ಲ. ಪುಸ್ತಕದಲ್ಲಿ ‘ಗೈರು’ ಎಂದು ಬರೆದರೆ ಅಂದಿನ ಲೆಕ್ಕ ಮುಗಿಯಿತು. ಮಗು ಮಾತ್ರ ತಂದೆತಾಯಿಯ ಬೆನ್ನುಹತ್ತಿ ಕಬ್ಬಿನ ಸೀಮೆಗೆ ಹೋಗಿದೆ.

‘ಓದಿನ ಬೆಲೆ ತಿಳಿಯದ ಪಾಲಕರು’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಕಾನೂನೂ ನಮ್ಮ ಪರವಾಗಿರುವಂತೆ ತೋರುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ 2002ರ ಸಂವಿಧಾನ ತಿದ್ದುಪಡಿಯು ಓದಿಸುವುದನ್ನು ಪಾಲಕರ ಮೂಲಭೂತ ಕರ್ತವ್ಯವೆಂದೂ ಸಾರಿತು.

ಆದರೆ ಕಬ್ಬು ಕಡಿಯುವ ಕೆಲಸದ ಬಗೆಯನ್ನು ಗಮನಿಸಿರಿ. ಗುತ್ತಿಗೆದಾರನು ಸಾಮಾನ್ಯವಾಗಿ ಮುಂಗಡ ಕೊಡುವುದು ಗಂಡಹೆಂಡಿರ ಜೋಡಿಗೆ. ಒಬ್ಬರು ಕಡಿದರೆ ಇನ್ನೊಬ್ಬರು ಸಿವುಡು ಕಟ್ಟಿ ಹೊರಬೇಕು. ತಾಯಿ ಊರಲ್ಲಿ ಉಳಿದರೆ ಸಾಲ ಹರಿಯುವುದಿಲ್ಲ. ಅಕ್ಟೋಬರ್–ನವೆಂಬರಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸತೊಡಗಿದರೆ ಬೇಸಿಗೆ ಕಾಲಿಡುವವರೆಗೂ ಅಲ್ಲಿಯೇ ವಾಸ. ಶಾಲಾ ವರ್ಷದ ಅರ್ಧದಷ್ಟು ಕಳೆದಂತಾಯಿತು. ಮನೆಯಲ್ಲಿ ಅಜ್ಜಿ ಗಟ್ಟಿಯಾಗಿದ್ದರೆ ಮಗು ಊರಲ್ಲಿ ಉಳಿದೀತು. ಇಲ್ಲವಾದರೆ ಹತ್ತು ವರ್ಷದ ಹುಡುಗಿಯೂ ಗುಡಿಸಲಿಗೆ ಹೋಗಿ ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. ಮಗಳು ಕಣ್ಣೆದುರಿಗಿರಲಿ ಎಂದು ಬಯಸುವ ತಾಯಿಯನ್ನು ಅಪರಾಧಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಮಗುವಿಗಾದ ನಷ್ಟವನ್ನು ಸಣ್ಣದೆನ್ನಲೂ ಆಗದು.

ಹದಿಹರೆಯದವರ ಸಂಕಟ ಬೇರೆ. ತಿಂಗಳುಗಟ್ಟಲೆ ಬಿಟ್ಟು ಮರಳಿದ ಹುಡುಗನಿಗೆ ಗಣಿತ ಹತ್ತುವುದಿಲ್ಲ, ಕಿರಿಯರ ಮುಂದೆ ತಡವರಿಸಿ ಓದಲು ನಾಚಿಕೆ. ಮೇಲಾಗಿ ನಾವು ಗದರಿದರೆ, ಮರುವರ್ಷ ಅವನೇ ಕುಡಗೋಲು ಹಿಡಿದು ಹೊರಡುತ್ತಾನೆ. ಏಳನೆಯ ತರಗತಿ ಮುಗಿಸಿದ ಹುಡುಗಿಗೆ ಪ್ರೌಢಶಾಲೆ ಪರವೂರಿನಲ್ಲಿದ್ದರೆ, ಆ ದಾರಿಯ ಭಯವೇ ಸಾಕು.

ಇದೆಲ್ಲ ದೂರದ ಬಿಜಾಪುರ ಸೀಮೆಯ ಮಾತೆಂದು (2014ರಿಂದ ಅದು ವಿಜಯಪುರ) ಪುಟ ತಿರುವಬೇಡಿರಿ. ಅಲ್ಲಿಂದ ಹೊರಟವರೆಲ್ಲ ಕಬ್ಬಿಗೇ ಹೋಗುವುದಿಲ್ಲ. ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡ ಕೆಲಸಕ್ಕೂ ಬರುತ್ತಾರೆ. ನಿಮ್ಮ ಬೀದಿಯಲ್ಲಿ ಏಳುತ್ತಿರುವ ಮನೆಯ ಮುಂದೆ, ಮರಳಿನ ರಾಶಿಯ ಮೇಲೆ ಆಡುವ ಮಗು ಯಾವುದೋ ಶಾಲೆಯ ಪುಸ್ತಕದಲ್ಲಿ ಗೈರಾಗಿರಬಹುದು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ವರ್ಗಾವಣೆ ಪತ್ರ ಬಂದಿಲ್ಲವೆಂಬ ನೆಪದಿಂದ ಸರಕಾರಿ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿಯೂ ಸಿಗಬೇಕು. ಬರೆಯಲು ಬಾರದ ತಂದೆಗೆ ಇದು ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಮುಖ್ಯೋಪಾಧ್ಯಾಯರ ಬಳಿಗೆ ಅವನ ಜೊತೆ ಹೋಗಲು ಅರ್ಧ ದಿನ ಸಾಕು. ಅದಕ್ಕೂ ಮುನ್ನ ಆ ತಾಯಿಯನ್ನು ಕೇಳಿರಿ, ಹಗಲಿನಲ್ಲಿ ಕೂಸನ್ನು ಯಾರು ನೋಡಿಕೊಳ್ಳುತ್ತಾರೆಂದು. ‘ದೊಡ್ಡ ಮಗಳು’ ಎಂದರೆ, ಮೊದಲು ಹುಡುಕಬೇಕಾದುದು ಹತ್ತಿರದ ಅಂಗನವಾಡಿಯನ್ನು.